ಅರ ಹಿಡಿಯಲು ಕಲಿಸಿದ ಕಾಲೇಜು

ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ಎಂಜಿನಿಯರಿಂಗ್ ಕಾಲೇಜಿಗೆ ಇಂದು ವಿಶ್ವೇಶ್ವರಯ್ಯನವರ ಹೆಸರಿದೆ. ವಿದ್ಯಾರ್ಥಿಗಳ ಬಾಯಲ್ಲಿ ಅದು ಯುವಿಸಿಇ. 1917ರಲ್ಲಿ ಶುರುವಾದಾಗ ಅದು ಬರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಅದಕ್ಕಿಂತ ಒಂದೇ ವರ್ಷ ಮೊದಲು ಹುಟ್ಟಿದ್ದ ಮೈಸೂರು ವಿಶ್ವವಿದ್ಯಾಲಯದ ಒಂದು ಎಳೆಯ ಕೊಂಬೆ. ದೇಶದಲ್ಲಿ ಆಗ ಎಂಜಿನಿಯರಿಂಗ್ ಕಾಲೇಜು ಎಂದರೆ ನಾಲ್ಕು ಊರುಗಳ ಹೆಸರು ಹೇಳುತ್ತಿದ್ದರು: ರೂರ್ಕಿ, ಮದ್ರಾಸು, ಪುಣೆ, ಕಲ್ಕತ್ತೆಯ ಬಳಿಯ ಶಿಬ್‌ಪುರ. ನಾಲ್ಕೂ ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತಗಳಲ್ಲಿದ್ದವು. ಐದನೆಯದನ್ನು ಕಟ್ಟಿದ್ದು ಒಂದು ದೇಶೀಯ ಸಂಸ್ಥಾನ.

ಈ ಕಾಲೇಜಿನ ಕಥೆಯನ್ನು ನಾವು ಸಾಮಾನ್ಯವಾಗಿ ವಿಶ್ವೇಶ್ವರಯ್ಯನವರ ಸಾಧನೆಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಓದಿ ಮುಗಿಸುತ್ತೇವೆ. ನನಗೆ ಕುತೂಹಲವಿರುವುದು ಆ ಸಾಲಿನ ಒಳಗಿನ ಬದುಕಿನ ಬಗ್ಗೆ. ಆ ಕಾಲದ ಹುಡುಗ ಎಂಜಿನಿಯರಿಂಗ್ ಕಲಿಯುವುದೆಂದರೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದ? ಕಲಿತದ್ದು ಯಾರಿಗೆ ಬೇಕಾಗಿತ್ತು? ಬಹುಕಾಲ ಎಂಜಿನಿಯರಿಂಗ್ ಡ್ರಾಯಿಂಗ್ ಪಾಠ ಮಾಡಿದವನಾದ್ದರಿಂದ ಈ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಹುಡುಕುತ್ತ ಹೋದಂತೆ ನನಗೆ ಗಟ್ಟಿಯಾದ ಒಂದು ನಂಬಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ: ಆ ಕಾಲದ ಎಂಜಿನಿಯರಿಂಗ್ ಶಿಕ್ಷಣದ ಜೀವ ಇದ್ದದ್ದು ಉಪನ್ಯಾಸದ ಕೊಠಡಿಯಲ್ಲಲ್ಲ, ವರ್ಕ್‌ಶಾಪಿನಲ್ಲಿ ಮತ್ತು ಸರ್ವೆ ಮೈದಾನದಲ್ಲಿ.

ಮೊದಲು ಹಳೆಯ ನಾಲ್ಕರ ವಿಷಯ. ಅವು ಹುಟ್ಟಿದ್ದು ಸರ್ಕಾರದ ಅಗತ್ಯದಿಂದ. ಗಂಗಾ ಕಾಲುವೆ ತೋಡುವಾಗ ಅಳತೆ ಬಲ್ಲವರು, ನಕ್ಷೆ ಬರೆಯಬಲ್ಲವರು, ಕೂಲಿಗಳ ಮೇಲ್ವಿಚಾರಣೆ ಮಾಡಬಲ್ಲವರು ಸಾಲದೆ ಬಂದು 1847ರಲ್ಲಿ ರೂರ್ಕಿಯ ಕಾಲೇಜು ತೆರೆಯಿತು. ಮದ್ರಾಸಿನದು ಇನ್ನೂ ಹಳೆಯದು. ಅದು 1794ರಲ್ಲಿ ಭೂಮಾಪನದ ಶಾಲೆಯಾಗಿ ಶುರುವಾಗಿ, ಮುಂದೆ ಕಾಲೇಜಾಗಿ, 1920ರಲ್ಲಿ ಗಿಂಡಿಗೆ ಹೋಯಿತು. ಪುಣೆಯದು 1854ರದು, ಕಲ್ಕತ್ತೆಯದು 1856ರದು. ಎಲ್ಲದರ ಗುರಿಯೂ ಒಂದೇ: ಲೋಕೋಪಯೋಗಿ ಇಲಾಖೆಗೆ ಜನ ಒದಗಿಸುವುದು. ರಸ್ತೆ, ಸೇತುವೆ, ಕಾಲುವೆ, ಬ್ಯಾರಕ್ಕು, ಕಚೇರಿ ಕಟ್ಟಡ ಇಷ್ಟೇ ಅವುಗಳ ಜಗತ್ತು. ಯಂತ್ರ ಬೇಕಾದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ಯಂತ್ರ ಮಾಡುವವರನ್ನು ಇಲ್ಲಿ ಬೆಳೆಸುವ ಆಸಕ್ತಿ ಆಳುವವರಿಗೆ ಇರಲಿಲ್ಲ.

ಮೇಲಿನ ಹುದ್ದೆಗಳಿಗೂ ಇಲ್ಲಿಂದ ಹೋಗುವುದು ಸುಲಭವಾಗಿರಲಿಲ್ಲ. ಭಾರತದ ಲೋಕೋಪಯೋಗಿ ಇಲಾಖೆಗೆಂದೇ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಒಂದು ಪ್ರತ್ಯೇಕ ಕಾಲೇಜು 1870ರ ದಶಕದ ಮೊದಲಿನಿಂದ 1906ರವರೆಗೆ ನಡೆಯಿತು. ಅಲ್ಲಿ ಓದಿ ಬಂದವರಿಗೆ ಇಂಪೀರಿಯಲ್ ಸೇವೆ. ಇಲ್ಲಿ ಓದಿದವರಿಗೆ ಹೆಚ್ಚಾಗಿ ಕಡಿಮೆ ಸಂಬಳದ ಪ್ರಾಂತೀಯ ಸೇವೆ. ಒಂದೇ ನದಿಯ ಮೇಲೆ ಒಂದೇ ಸೇತುವೆಗೆ ಲೆಕ್ಕ ಹಾಕುವ ಇಬ್ಬರ ನಡುವೆ, ಅವರು ಓದಿದ ದೇಶದ ಆಧಾರದ ಮೇಲೆ ಗೋಡೆ ಎದ್ದಿತ್ತು. ಈ ಅನ್ಯಾಯವನ್ನು ಹೇಳದೆ ಆ ಕಾಲದ ಶಿಕ್ಷಣದ ಬಗ್ಗೆ ಮಾತಾಡಿದರೆ ಅದು ಅರ್ಧ ಸತ್ಯವಾಗುತ್ತದೆ.

ವಿಶ್ವೇಶ್ವರಯ್ಯನವರು ಇದೇ ವ್ಯವಸ್ಥೆಯ ಒಳಗಿನಿಂದ ಬಂದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದಾಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಲಿಯಲು ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು. 1883ರಲ್ಲಿ ಮೊದಲನೆಯವರಾಗಿ ತೇರ್ಗಡೆಯಾಗಿ ಮರುವರ್ಷ ಮುಂಬಯಿ ಸರ್ಕಾರದ ಸಹಾಯಕ ಎಂಜಿನಿಯರ್ ಆದರು. ಆಗಿನ ಪ್ರತಿಭಾವಂತ ಹುಡುಗನಿಗೆ ಇದಕ್ಕಿಂತ ನೇರವಾದ ದಾರಿ ಇರಲಿಲ್ಲ. ಆದರೆ ಸಂಸ್ಥಾನದ ಕಣ್ಣಿನಿಂದ ನೋಡಿದರೆ ಆದದ್ದೇನು? ತನ್ನ ಹಣದಿಂದ ಓದಿಸಿದ ಹುಡುಗ ಎರಡು ದಶಕಕ್ಕೂ ಹೆಚ್ಚು ಕಾಲ ಬೇರೆ ಪ್ರಾಂತದ ನೀರಾವರಿ ನೋಡಿಕೊಂಡ. ಅವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ.

ಈ ನಡುವೆ 1898ರಲ್ಲಿ ಅವರು ಜಪಾನಿಗೆ ಹೋಗಿ ಬಂದಿದ್ದರು. ಆ ಪ್ರವಾಸ ಅವರ ಯೋಚನೆಯನ್ನು ತಿದ್ದಿತು ಎಂಬುದಕ್ಕೆ ಮುಂದಿನ ಅವರ ಬರಹ, ಭಾಷಣಗಳೆಲ್ಲ ಸಾಕ್ಷಿ. ಜಪಾನಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಬೇರೆಯದೇ ಹಾದಿ ಹಿಡಿದಿತ್ತು. 1873ರಲ್ಲಿ ಟೋಕಿಯೊದಲ್ಲಿ ಕಾಲೇಜು ನಡೆಸಲು ಹೆನ್ರಿ ಡೈಯರ್ ಎಂಬ ಸ್ಕಾಟ್‌ಲೆಂಡಿನ ತರುಣನನ್ನು ಕರೆಸಿದ್ದರು. ಆರು ವರ್ಷಗಳ ಆ ಶಿಕ್ಷಣದಲ್ಲಿ ಎರಡು ವರ್ಷ ಸಾಮಾನ್ಯ ವಿಜ್ಞಾನ, ಎರಡು ವರ್ಷ ತಾಂತ್ರಿಕ ವಿಷಯ, ಕೊನೆಯ ಎರಡು ವರ್ಷ ಪೂರ್ತಿ ಕಾರ್ಖಾನೆ ಮತ್ತು ಕಾಮಗಾರಿಗಳಲ್ಲಿ ಕೆಲಸ. ಜಪಾನೀಯರು ಆ ಕಾಲೇಜನ್ನು ಕಟ್ಟಿದ್ದು ಯಾರದೋ ಇಲಾಖೆಗೆ ಓವರ್‌ಸಿಯರುಗಳನ್ನು ಒದಗಿಸಲಿಕ್ಕಲ್ಲ, ತಮ್ಮ ಹಡಗನ್ನು, ತಮ್ಮ ರೈಲನ್ನು ತಾವೇ ಮಾಡಿಕೊಳ್ಳಲಿಕ್ಕೆ. ಅದರ ಫಲವನ್ನು ಕಣ್ಣಾರೆ ಕಂಡು ಬಂದ ಮನುಷ್ಯ 1912ರಲ್ಲಿ ಮೈಸೂರಿನ ದಿವಾನರಾದರು.

ಆ ಹೊತ್ತಿಗೆ ಮೈಸೂರು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಶೇಷಾದ್ರಿ ಅಯ್ಯರ್ ಅವರು ಹಾಕಿದ ಬುನಾದಿಯ ಮೇಲೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದವು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅದೇ ವರ್ಷ ಜಮ್‌ಷೆಟ್‌ಜಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆ ಮಹಾರಾಜರು ಕೊಟ್ಟ 371 ಎಕರೆ ನೆಲದಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅಲ್ಲಿ ವಿದ್ಯುತ್ ತಂತ್ರಜ್ಞಾನದ ಮೊದಲ ಪ್ರಾಧ್ಯಾಪಕರು ಆಲ್ಫ್ರೆಡ್ ಹೇ. ಆದರೆ ಶಿವನಸಮುದ್ರದ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನವು, ಅವನ್ನು ಕೂಡಿಸಿ ನಿಲ್ಲಿಸಿದ ಪರಿಣತರೂ ಹೊರಗಿನವರು. ಕಾವೇರಿಯ ನೀರು ನಮ್ಮದು. ಅದನ್ನು ಬೆಳಕು ಮಾಡುವ ಕೈ ನಮ್ಮದಾಗಿರಲಿಲ್ಲ.

ಈ ಚಿತ್ರದಲ್ಲಿ ನನಗೆ ತುಂಬ ಇಷ್ಟವಾಗುವ ಒಬ್ಬ ವ್ಯಕ್ತಿ ಆಲ್ಫ್ರೆಡ್ ಚ್ಯಾಟರ್‌ಟನ್. ಮದ್ರಾಸಿನ ಎಂಜಿನಿಯರಿಂಗ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದ ಆಂಗ್ಲರು. ಪಾಠ ಹೇಳಿ ಸಂಬಳ ಎಣಿಸಿಕೊಂಡು ಇರಬಹುದಾಗಿದ್ದ ಅವರು 1890ರ ದಶಕದ ಕೊನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸುವ ಪ್ರಯೋಗಕ್ಕೆ ಕೈ ಹಾಕಿದರು. ಕಂಚುಗಾರರಿಗೆ, ಚರ್ಮ ಹದ ಮಾಡುವವರಿಗೆ, ಬಾವಿಯಿಂದ ನೀರೆತ್ತುವ ರೈತರಿಗೆ ಹೊಸ ವಿಧಾನಗಳನ್ನು ತೋರಿಸುತ್ತ ಓಡಾಡಿದರು. ಸರ್ಕಾರವೇ ಉದ್ಯಮಕ್ಕೆ ಕೈ ಹಾಕುತ್ತಿದೆ ಎಂದು ಮದ್ರಾಸಿನ ಯುರೋಪಿಯನ್ ವರ್ತಕರಿಂದ ವಿರೋಧ ಬಂದಿತು. ಆಮೇಲೆ ಅವರನ್ನು ಮೈಸೂರು ಕರೆಸಿಕೊಂಡು ಕೈಗಾರಿಕೆಗಳ ನಿರ್ದೇಶಕರನ್ನಾಗಿ ಮಾಡಿಕೊಂಡಿತು. ಶ್ರೀಗಂಧದ ಎಣ್ಣೆಯ ಕಾರ್ಖಾನೆ ನಮ್ಮಲ್ಲಿ ಶುರುವಾದದ್ದು ಅವರ ಕಾಲದಲ್ಲೇ, 1916ರಲ್ಲಿ. ಎಂಜಿನಿಯರಿಂಗ್ ಅಧ್ಯಾಪಕನ ಕೆಲಸ ಕಾಲೇಜಿನ ಗೇಟಿನ ಹೊರಗೂ ಇದೆ ಎಂಬುದಕ್ಕೆ ಆ ಪೀಳಿಗೆಯಲ್ಲಿ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆಗ ಬಂದದ್ದು ಮೊದಲ ಮಹಾಯುದ್ಧ. ಹಡಗುಗಳು ಯುದ್ಧಕ್ಕೆ ಹೋದವು, ಯಂತ್ರಗಳು ಬರುವುದು ನಿಂತಿತು, ಬಿಡಿಭಾಗಗಳಿಗೂ ಬರ ಬಂದಿತು. ಹೊರಗಿನಿಂದ ತರಿಸಿಕೊಂಡು ಬದುಕುವ ದೇಶ ಎಷ್ಟು ದುರ್ಬಲ ಎಂಬುದು ಆಳುವವರಿಗೂ ಅರ್ಥವಾಗಿ 1916ರಲ್ಲಿ ಥಾಮಸ್ ಹಾಲೆಂಡ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಕೈಗಾರಿಕಾ ಆಯೋಗ ನೇಮಕವಾಯಿತು. ಚ್ಯಾಟರ್‌ಟನ್ ಅದರ ಸದಸ್ಯರು. ಮದನ ಮೋಹನ ಮಾಳವೀಯರೂ ಸದಸ್ಯರಾಗಿದ್ದು ತಮ್ಮ ಭಿನ್ನಮತದ ಟಿಪ್ಪಣಿ ಸೇರಿಸಿದರು. ಆಯೋಗದ ವರದಿ ಬಂದದ್ದು 1918ರಲ್ಲಿ. ಬೆಂಗಳೂರಿನಲ್ಲಿ ಕಾಲೇಜು ಅದಕ್ಕೂ ಮೊದಲೇ ಎದ್ದಿತ್ತು, ಸಿವಿಲ್ ಜೊತೆಗೆ ಮೆಕ್ಯಾನಿಕಲ್ ಎಂಜಿನಿಯರಿಂಗನ್ನೂ ಇಟ್ಟುಕೊಂಡು. ಸಿವಿಲ್ ಎಂದರೆ ಇಲಾಖೆ. ಮೆಕ್ಯಾನಿಕಲ್ ಎಂದರೆ ಇನ್ನೂ ಹುಟ್ಟದ ಕಾರ್ಖಾನೆಗಳು. ಭದ್ರಾವತಿಯಲ್ಲಿ ಕಬ್ಬಿಣ ಕರಗಲು ಇನ್ನೂ ಆರು ವರ್ಷ ಬಾಕಿಯಿತ್ತು. ಬರಲಿರುವ ಕಾರ್ಖಾನೆಗೆ ಮುಂಚೆಯೇ ಜನರನ್ನು ತಯಾರು ಮಾಡುವ ಈ ಧೈರ್ಯವನ್ನು ನಾನು ವಿಶ್ವೇಶ್ವರಯ್ಯನವರ ಅಣೆಕಟ್ಟುಗಳಿಗಿಂತ ದೊಡ್ಡದು ಎಂದು ಎಣಿಸುತ್ತೇನೆ.

ಆ ಕಾಲೇಜಿನ ಮೊದಲ ದಿನಗಳ ಹೊಣೆ ಹೊತ್ತವರು ಎಸ್.ವಿ. ಸೆಟ್ಟಿ. ಈ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದು ನನಗೆ ನಿಜವಾದ ನೋವಿನ ಸಂಗತಿ. ಶ್ರೀರಾಮ ವೆಂಕಟಸುಬ್ಬ ಸೆಟ್ಟಿ 1879ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಮೈಸೂರು ಲೋಕೋಪಯೋಗಿ ಇಲಾಖೆ ಸೇರಿ, ಅಲ್ಲಿಂದ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಲಂಡನ್ನಿನ ಫ್ಯಾರಡೆ ಹೌಸ್‌ಗೆ ಹೋದರು. ಅಲ್ಲಿಗೆ ಸಾಮಾನ್ಯ ದಾರಿ ಮುಗಿಯುತ್ತಿತ್ತು: ಡಿಪ್ಲೊಮಾ ಪಡೆದು ಊರಿಗೆ ಮರಳಿ ಬಡ್ತಿಗಾಗಿ ಕಾಯುವುದು. ಸೆಟ್ಟಿಯವರು ಎ.ವಿ. ರೋ ಅವರ ವಿಮಾನ ಕಂಪನಿಗೆ ಹೋದರು. ರೈಟ್ ಸೋದರರ ಮೊದಲ ಹಾರಾಟ ನಡೆದು ಹತ್ತು ವರ್ಷವೂ ಆಗಿರಲಿಲ್ಲ. ವಿಮಾನವೆಂದರೆ ಮರದ ಚೌಕಟ್ಟು, ಬಿಗಿದ ಬಟ್ಟೆ, ಎಳೆದ ತಂತಿ ಮತ್ತು ನಂಬಲಾಗದ ಎಂಜಿನ್. ಅಂಥ ಕಾಲದಲ್ಲಿ, 1911–12ರ ಸುಮಾರಿಗೆ, ಮೈಸೂರಿನ ಈ ತರುಣ ಆ ಕಂಪನಿಯ ಆವ್ರೊ ವಿಮಾನಗಳ ವಿನ್ಯಾಸದಲ್ಲೂ ಪರೀಕ್ಷೆಯಲ್ಲೂ ದುಡಿದರು, ತಾವೂ ಹಾರಿದರು.

ಹಾಗೆ ಹಾರಿದವರು ಬೆಂಗಳೂರಿಗೆ ಬಂದು ಹುಡುಗರಿಗೆ ಯಂತ್ರಶಾಸ್ತ್ರ ಕಲಿಸಲು ನಿಂತರು. ಅವರ ತರಗತಿ ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಊಹಿಸಿದ್ದೇನೆ. ಒಂದು ತೊಲೆಯ ಬಾಗುವಿಕೆಯ ಲೆಕ್ಕವನ್ನು ಪುಸ್ತಕದಿಂದ ಹೇಳುವವರಿಗೂ, ಅದೇ ಲೆಕ್ಕ ತಪ್ಪಿದರೆ ರೆಕ್ಕೆ ಮುರಿದು ತಾನೇ ಬೀಳುತ್ತೇನೆ ಎಂದು ತಿಳಿದು ಹಾರಿದವರಿಗೂ ವ್ಯತ್ಯಾಸ ಇರಲೇಬೇಕು. ಅಂಥ ಗುರು ಆ ಹುಡುಗರಿಗೆ ದಕ್ಕಿದ್ದು ಬಹಳ ಕಡಿಮೆ ಕಾಲ. 1918ರ ಇನ್‌ಫ್ಲುಯೆಂಜಾ ಮಾರಿ ಬೆಂಗಳೂರು, ಮೈಸೂರುಗಳನ್ನು ಹಿಂಡಿದಾಗ ಸೆಟ್ಟಿಯವರೂ ತೀರಿಕೊಂಡರು. ನಲವತ್ತು ತುಂಬಿರಲಿಲ್ಲ. ಕಾಲೇಜಿಗೆ ಆಗಿನ್ನೂ ಎರಡನೆಯ ವರ್ಷ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಬಂದದ್ದು 1940ರಲ್ಲಿ. ಅವರು ಬದುಕಿದ್ದರೆ ಆಗ ಅರವತ್ತರ ಆಸುಪಾಸು.

ಇನ್ನು ಆ ಕಾಲದ ಕಲಿಕೆಯ ಒಳಕ್ಕೆ ಹೋಗೋಣ. ನನಗೆ ಹೇಳಬೇಕಾಗಿರುವುದರ ಹೆಚ್ಚಿನ ಪಾಲು ಇಲ್ಲಿಯೇ ಇದೆ.

ಮೊದಲು ಸರ್ವೆ. ಗುಂಟರ್ ಸರಪಳಿ 66 ಅಡಿ ಉದ್ದ, ಅದರಲ್ಲಿ 100 ಕೊಂಡಿಗಳು. ಹತ್ತು ಚದರ ಸರಪಳಿಗೆ ಒಂದು ಎಕರೆ. ನಮ್ಮ ಕಂದಾಯ ಸರ್ವೆಯವರು ಬಳಸುತ್ತಿದ್ದ ಸರಪಳಿ ಅದರ ಅರ್ಧ, 33 ಅಡಿ. ಅದನ್ನು 16 ಆಣೆಗಳಾಗಿ ಭಾಗ ಮಾಡಿದ್ದರು. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ. ಹಳ್ಳಿಯಿಂದ ಬಂದ ಹುಡುಗನಿಗೆ ಈ ಅಳತೆ ಮನೆಯ ಮಾತಾಗಿತ್ತು. ಬಿಸಿಲಿನಲ್ಲಿ ಸರಪಳಿ ಎಳೆಯುವುದು, ಮೂಲೆ ಮೂಲೆಗೆ ಕೆಂಪು ಬಿಳಿ ಕೋಲು ನೆಡುವುದು, ಮುಕ್ಕಾಲಿಯ ಮೇಲಿನ ಹಲಗೆಗೆ ಕಾಗದ ಅಂಟಿಸಿ ನಿಂತಲ್ಲೇ ನಕ್ಷೆ ಬರೆಯುವುದು, ಲೆವೆಲ್ ಉಪಕರಣದ ಗುಳ್ಳೆಯನ್ನು ನಡುವೆ ತಂದು ನಿಲ್ಲಿಸುವುದು. ಕೆರೆಯ ಏರಿ, ತೂಬು, ಕೋಡಿಗಳನ್ನು ಅಳೆಯಬೇಕಾದ ಸಂಸ್ಥಾನಕ್ಕೆ ಇದು ನೇರವಾಗಿ ಬೇಕಾಗಿದ್ದ ವಿದ್ಯೆ. ಮೈಸೂರಿನಲ್ಲಿ ಸಾವಿರಾರು ಕೆರೆಗಳಿದ್ದವು. ಒಂದು ಕೆರೆಯ ಕೋಡಿ ನಾಲ್ಕು ಅಂಗುಲ ಎತ್ತರವಾದರೆ ಮೇಲಿನ ಗದ್ದೆ ಮುಳುಗುತ್ತದೆ, ನಾಲ್ಕು ಅಂಗುಲ ತಗ್ಗಾದರೆ ಕೆಳಗಿನ ಗದ್ದೆ ಒಣಗುತ್ತದೆ. ಲೆವೆಲ್ ಪುಸ್ತಕದಲ್ಲಿ ಬರೆಯುವ ಅಂಕಿಯ ಹಿಂದೆ ಯಾರದೋ ಊಟ ಇರುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಮೇಲೆ ಡ್ರಾಯಿಂಗ್. ಟಿ ಸ್ಕ್ವೇರ್, ಸೆಟ್ ಸ್ಕ್ವೇರುಗಳು, ಗೆರೆ ಎಳೆಯಲು ತಿರುಪಿರುವ ಲೇಖನಿ. ತಿರುಪು ಬಿಗಿದರೆ ಸಣ್ಣ ಗೆರೆ, ಸಡಿಲಿಸಿದರೆ ದಪ್ಪ ಗೆರೆ. ಮಸಿ ಹೆಚ್ಚು ತುಂಬಿದರೆ ಹನಿ ಬಿದ್ದು ದಿನದ ಕೆಲಸ ಹಾಳು. ಮೊದಲು ಪೆನ್ಸಿಲ್, ಮೇಲೆ ಗಂಜಿ ಹಾಕಿದ ಪಾರದರ್ಶಕ ಬಟ್ಟೆ ಹಾಸಿ ಅದರ ಮೇಲೆ ಮಸಿಯಲ್ಲಿ ನಕಲು. ಆ ಬಟ್ಟೆಯಿಂದ ಪ್ರತಿ ತೆಗೆಯುವ ಬಗೆ ನನಗೆ ಇವತ್ತಿಗೂ ಅಚ್ಚರಿ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಸವರಿದ ಕಾಗದವನ್ನು ಕೆಳಗಿಟ್ಟು, ಗಾಜು ಹಾಕಿ ಬಿಸಿಲಿಗೆ ಹಿಡಿಯುತ್ತಿದ್ದರು. ಬೆಳಕು ತಾಗಿದ ಕಡೆ ಬಣ್ಣ ಕಚ್ಚಿ ನೀಲಿಯಾಗುತ್ತಿತ್ತು. ಮಸಿಯ ಗೆರೆ ಬೆಳಕನ್ನು ತಡೆದ ಕಡೆ ಲೇಪ ನೀರಿನಲ್ಲಿ ತೊಳೆದುಹೋಗಿ ಬಿಳಿ ಉಳಿಯುತ್ತಿತ್ತು. ಬ್ಲೂ ಪ್ರಿಂಟ್ ಎಂಬುದು ಹೀಗೆ ಸೂರ್ಯನನ್ನು ದುಡಿಸಿಕೊಂಡ ಮುದ್ರಣ. ಮೋಡ ಕವಿದ ದಿನ ಪ್ರತಿ ತೆಗೆಯುವುದೂ ನಿಧಾನ.

ಡ್ರಾಯಿಂಗ್ ಕಲಿಸುವಾಗ ನಾನು ಕಂಡ ಒಂದು ಸಂಗತಿ ಇದೆ. ಕೈಯಿಂದ ಗೆರೆ ಎಳೆಯುವವನು ಎಳೆಯುವ ಮೊದಲು ಯೋಚಿಸುತ್ತಾನೆ. ಅಳಿಸುವುದು ಕಷ್ಟ, ಆದ್ದರಿಂದ ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿಕೊಂಡೇ ಕೈ ಇಳಿಸುತ್ತಾನೆ. ಕಂಪ್ಯೂಟರಿನಲ್ಲಿ ವಸ್ತು ತಾನೇ ತಿರುಗುತ್ತದೆ, ಅಳಿಸುವುದಕ್ಕೆ ಒಂದು ಕೀಲಿ ಸಾಕು. ಕಂಪ್ಯೂಟರನ್ನು ದೂರುವುದು ನನ್ನ ಉದ್ದೇಶವಲ್ಲ. ನಾನೂ ಸಂತೋಷದಿಂದ ಬಳಸುತ್ತೇನೆ, ಅದು ಮಾಡುವ ಕೆಲಸವನ್ನು ಯಾವ ಲೇಖನಿಯೂ ಮಾಡಲಾರದು. ಆದರೆ ಕಲಿಯುವ ಮೊದಲ ವರ್ಷದಲ್ಲಿ ಮನಸ್ಸು ಮಾಡಬೇಕಾದ ವ್ಯಾಯಾಮವನ್ನು ಅದು ತಾನೇ ಮಾಡಿಬಿಡುತ್ತದೆ ಎಂಬುದು ನನ್ನ ಚಿಂತೆ.

ಮೂರನೆಯದು ವರ್ಕ್‌ಶಾಪು. ಬಡಗಿ ವಿಭಾಗ, ಕುಲುಮೆ, ಎರಕದ ಮನೆ, ಫಿಟಿಂಗ್ ವಿಭಾಗ, ಲೇತು. ಫಿಟಿಂಗ್‌ನಲ್ಲಿ ಹುಡುಗನ ಕೈಗೆ ಒಂದು ಕಬ್ಬಿಣದ ತುಂಡನ್ನೂ ಲೋಹ ಉಜ್ಜಿ ಸವೆಸುವ ಒಂದು ಅರವನ್ನೂ ಕೊಟ್ಟು ಮೇಲ್ಮೈ ಸಮ ಮಾಡು ಎನ್ನುತ್ತಿದ್ದರು. ಕೇಳಲು ಸುಲಭ. ಅರವನ್ನು ಮುಂದೆ ತಳ್ಳುವಾಗ ಕೈ ತಾನಾಗಿ ತೂಗುತ್ತದೆ, ತುಂಡಿನ ಎರಡು ತುದಿ ಸವೆದು ನಡುವೆ ಉಬ್ಬು ಉಳಿಯುತ್ತದೆ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ಸಮತಟ್ಟಾದ ಹಲಗೆಗೆ ಕೆಂಪು ಬಣ್ಣ ಸವರಿ ತುಂಡನ್ನು ಅದರ ಮೇಲೆ ಉಜ್ಜಿದರೆ ಉಬ್ಬಿರುವ ಕಡೆ ಮಾತ್ರ ಕೆಂಪು ಹತ್ತುತ್ತದೆ. ಅಷ್ಟನ್ನೇ ತೆಗೆಯಬೇಕು, ಮತ್ತೆ ಉಜ್ಜಿ ನೋಡಬೇಕು. ದಿನಗಟ್ಟಲೆ ಇದೇ ಕೆಲಸ. ಸಮತಲ ಎಂಬುದು ರೇಖಾಗಣಿತದ ಪುಸ್ತಕದಲ್ಲಿ ಒಂದು ವಾಕ್ಯ. ಅದನ್ನು ಲೋಹದಲ್ಲಿ ತರಲು ಎಷ್ಟು ಬೆಲೆ ತೆರಬೇಕು ಎಂಬುದು ತೋಳಿಗೆ ತಿಳಿಯುತ್ತಿತ್ತು. ಮುಂದೆ ಆ ಹುಡುಗ ಎಂಜಿನಿಯರಾಗಿ ನಕ್ಷೆಯ ಮೇಲೆ ಸಾವಿರದ ಒಂದಂಶದಷ್ಟು ನಿಖರತೆ ಬೇಕೆಂದು ಬರೆಯುವ ಮೊದಲು ಅದು ನಿಜವಾಗಿಯೂ ಬೇಕೇ ಎಂದು ಒಮ್ಮೆ ಯೋಚಿಸುತ್ತಿದ್ದ.

ಎರಕದ ಪಾಠ ಇನ್ನೂ ಸೊಗಸು. ಮರಳಿನಲ್ಲಿ ಅಚ್ಚು ಮಾಡಲು ಮೊದಲು ಮರದ ಮಾದರಿ ಕೆತ್ತಬೇಕು. ಕರಗಿದ ಬೀಡುಕಬ್ಬಿಣ ತಣಿಯುವಾಗ ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಭಾಗ ಕುಗ್ಗುತ್ತದೆ. ಹಾಗಾಗಿ ಮಾದರಿ ಅಷ್ಟು ದೊಡ್ಡದಿರಬೇಕು. ಅದಕ್ಕೆಂದೇ ಮಾದರಿ ಕೆತ್ತುವ ಬಡಗಿಯ ಬಳಿ ಬೇರೆ ಅಡಿಕೋಲು ಇರುತ್ತಿತ್ತು. ಅದರ ಅಡಿ ನಿಜವಾದ ಅಡಿಗಿಂತ ಅಷ್ಟು ಉದ್ದ. ಮಾದರಿಯ ಪಕ್ಕಗಳು ಸ್ವಲ್ಪ ಓರೆಯಾಗಿರದಿದ್ದರೆ ಅದನ್ನು ಮೇಲೆತ್ತುವಾಗ ಮರಳಿನ ಗೋಡೆ ಕುಸಿಯುತ್ತದೆ. ಮೂಲೆ ಚೂಪಾಗಿದ್ದರೆ ತಣಿಯುವಾಗ ಅಲ್ಲೇ ಬಿರುಕು. ದಪ್ಪ ಭಾಗಕ್ಕೆ ತೆಳು ಭಾಗ ಅಂಟಿದ್ದರೆ ಒಂದು ಬೇಗ, ಇನ್ನೊಂದು ನಿಧಾನ ತಣಿದು ಲೋಹ ಸೆಳೆದುಕೊಳ್ಳುತ್ತದೆ. ನನ್ನ ವಿದ್ಯಾರ್ಥಿಗಳು ತೆರೆಯ ಮೇಲೆ ಬಿಡಿಸಿ ತಂದ ಚೆಂದದ ಬಿಡಿಭಾಗಗಳಲ್ಲಿ ಅಚ್ಚಿನಿಂದ ಹೊರಗೆ ತೆಗೆಯಲಾಗದವು ಎಷ್ಟೋ. ಅವರು ಜಾಣರು. ಅವರಿಗೆ ಒಮ್ಮೆಯೂ ಯಾರೂ ಮರಳಿನ ಎದುರು ಮಂಡಿಯೂರಿ ಕೂರಲು ಹೇಳಿರಲಿಲ್ಲ, ಅಷ್ಟೇ.

ಗಾರೆಯ ವಿಷಯವನ್ನೂ ಹೇಳದೆ ಮುಂದೆ ಹೋಗಲಾರೆ. ಪೋರಬಂದರಿನಲ್ಲಿ ಸಿಮೆಂಟು ತಯಾರಾಗಲು ಶುರುವಾದದ್ದು 1914ರಲ್ಲಿ. ಕನ್ನಂಬಾಡಿಯನ್ನು ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ. ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ ಸುಣ್ಣದ ಜೊತೆ ಅರೆದರೆ, ಸುಟ್ಟ ಮಣ್ಣಿನ ಸಿಲಿಕಾ ಸುಣ್ಣದೊಡನೆ ಕೂಡಿ ನೀರಿನೊಳಗೂ ಗಟ್ಟಿಯಾಗುವ ಗಾರೆಯಾಗುತ್ತದೆ. ಬರಿಯ ಸುಣ್ಣಕ್ಕೆ ಆ ಗುಣವಿಲ್ಲ. ಯಾವ ಮಣ್ಣು, ಎಷ್ಟು ಸುಡಬೇಕು, ಎಷ್ಟು ಹೊತ್ತು ಅರೆಯಬೇಕು ಎಂಬುದರಲ್ಲಿ ಪ್ರಯೋಗಾಲಯದ ಪರೀಕ್ಷೆಯೂ ಬೇಕು, ಗಾರೆ ಕೆಲಸದವನ ಬೆರಳಿನ ತೀರ್ಪೂ ಬೇಕು. ಇಂಥ ಅಣೆಕಟ್ಟಿನ ಕೆಲಸ ಕಾಲೇಜಿನ ಪಕ್ಕದಲ್ಲೇ ನಡೆಯುವ ಸೌಕರ್ಯ ಬೆಂಗಳೂರಿನ ಹುಡುಗರಿಗೆ ಇರಲಿಲ್ಲ, ನಿಜ. ಆದರೂ ಅವರು ಓದುತ್ತಿದ್ದ ವರ್ಷಗಳಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಅಂಥದೊಂದು ಕಲ್ಲು ಕಲ್ಲಾಗಿ ಏಳುತ್ತಿತ್ತು. ಪುಸ್ತಕ ಮುಚ್ಚಿದರೆ ಕೆಲಸ ಕಾದಿತ್ತು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಅರ ಹಿಡಿದ ಆ ಕೈಗಳು ಯಾರವು?

ನಮ್ಮ ನಾಡಿನಲ್ಲಿ ಕಬ್ಬಿಣ ಬಡಿಯುವವರು, ಮರ ಕೆತ್ತುವವರು, ಕಂಚು ಎರೆಯುವವರು, ಕಲ್ಲು ಒಡೆಯುವವರು ಹಿಂದಿನಿಂದ ಇದ್ದರು. ಅವರ ವಿದ್ಯೆ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಆದರೆ ಕಾಲೇಜಿಗೆ ಬರಲು ಇಂಗ್ಲಿಷ್ ಶಾಲೆ ದಾಟಬೇಕಿತ್ತು. ಆ ಶಾಲೆಗಳಲ್ಲೂ ಸರ್ಕಾರದ ಹುದ್ದೆಗಳಲ್ಲೂ ಆಗ ಬ್ರಾಹ್ಮಣರ ಪಾಲು ಬಹುದೊಡ್ಡದಾಗಿತ್ತು. ಹಾಗಾಗಿ ವರ್ಕ್‌ಶಾಪಿನಲ್ಲಿ ಸುತ್ತಿಗೆ ಎತ್ತಿದ ಬಹುಪಾಲು ಹುಡುಗರ ಮನೆಗಳಲ್ಲಿ ತಲೆಮಾರುಗಳಿಂದ ಯಾರೂ ಸುತ್ತಿಗೆ ಮುಟ್ಟಿರಲಿಲ್ಲ. ಮನುಷ್ಯನ ಘನತೆ ಕೈ ಕೊಳಕಾಗದಿರುವುದರಲ್ಲಿ ಇದೆ ಎಂದು ನಂಬಿದ್ದ ಸಮಾಜದಲ್ಲಿ ಕಾಲೇಜೊಂದು ಪದವಿ ಬೇಕಾದರೆ ಕುಲುಮೆಯ ಮುಂದೆ ಬೆವರು ಸುರಿಸು ಎಂದು ಹೇಳಿದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ಅವನಿಗೆ ಇಕ್ಕಳ ಹಿಡಿಯುವ ಬಗೆ ತೋರಿಸುತ್ತಿದ್ದ ಮೇಸ್ತ್ರಿ ಹೆಚ್ಚಾಗಿ ಬೇರೆ ಜಾತಿಯವನು, ಇಂಗ್ಲಿಷ್ ಬಾರದವನು. ಆ ಒಂದು ಗಂಟೆಯ ಮಟ್ಟಿಗಾದರೂ ಅವನೇ ಗುರು.

ಆದರೆ ಗಂಟೆ ಮುಗಿದ ಮೇಲೆ ಹುಡುಗ ಎಂಜಿನಿಯರ್ ಆಗುವ ದಾರಿ ಹಿಡಿದ, ಮೇಸ್ತ್ರಿ ಮೇಸ್ತ್ರಿಯಾಗಿಯೇ ಉಳಿದ. ಅವನ ಮಗನಿಗೆ ಕೈಗಾರಿಕಾ ಶಾಲೆಯ ಬಾಗಿಲು ತೆರೆದಿತ್ತು, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಂಥವು ಇದ್ದವು. ಎಂಜಿನಿಯರಿಂಗ್ ಕಾಲೇಜಿನ ಬಾಗಿಲು ಅವನಿಗೆ ಬಲು ದೂರ. ಕಾಲೇಜು ಶುರುವಾದ ಮರುವರ್ಷವೇ, 1918ರಲ್ಲಿ, ಹಿಂದುಳಿದ ವರ್ಗಗಳಿಗೆ ಶಿಕ್ಷಣದಲ್ಲೂ ಹುದ್ದೆಗಳಲ್ಲೂ ಪಾಲು ಕೊಡುವ ಪ್ರಶ್ನೆಗೆ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ವಿಶ್ವೇಶ್ವರಯ್ಯನವರು ಆ ನೀತಿಗೆ ಒಪ್ಪಲಿಲ್ಲ. ಅರ್ಹತೆಯೊಂದೇ ಅಳತೆಗೋಲಾಗಬೇಕು ಎಂಬುದು ಅವರ ನಿಲುವು. ಆ ವರ್ಷ ಅವರು ದಿವಾನಗಿರಿಯನ್ನೇ ಬಿಟ್ಟರು. ಸಮಿತಿಯ ವರದಿ 1919ರಲ್ಲಿ ಬಂದಿತು, ಸರ್ಕಾರ ಅದನ್ನು ಮುಂದೆ ಜಾರಿಗೆ ತಂದಿತು.

ವಿಶ್ವೇಶ್ವರಯ್ಯನವರ ಮೇಲೆ ನನಗೆ ಅಪಾರ ಗೌರವವಿದೆ. ಈ ವಿಷಯದಲ್ಲಿ ಮಾತ್ರ ಅವರ ಲೆಕ್ಕ ತಪ್ಪಿತ್ತು ಎಂದು ನಾನು ನಂಬುತ್ತೇನೆ. ಪರೀಕ್ಷೆಯಲ್ಲಿ ಅಳೆಯುವ ಅರ್ಹತೆ ಬಾಗಿಲೊಳಗೆ ಬಂದವರ ನಡುವಿನದು. ಬಾಗಿಲಿಗೇ ಬರಲಾಗದ ಕಮ್ಮಾರನ ಮಗನಿಗೆ ಲೋಹದ ಬಗ್ಗೆ ಗೊತ್ತಿದ್ದದ್ದು, ಕಾಯ್ದ ಕಬ್ಬಿಣದ ಬಣ್ಣ ನೋಡಿ ಅದರ ಹದ ಹೇಳುವ ಕಣ್ಣು, ಯಾವ ಉತ್ತರಪತ್ರಿಕೆಯಲ್ಲೂ ಅಂಕವಾಗುತ್ತಿರಲಿಲ್ಲ. ಬಡತನದಲ್ಲಿ ಪಾಠ ಹೇಳಿ ಓದಿದ, ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋದ ಮಹನೀಯರು ಇದನ್ನು ಇನ್ನೊಂದು ಹೆಜ್ಜೆ ಮುಂದೆ ನೋಡಬಹುದಾಗಿತ್ತು. ಕೈಯ ವಿದ್ಯೆಯನ್ನು ಕಾಲೇಜಿನೊಳಗೆ ತಂದರು. ಆ ಕೈಗಳ ಮಕ್ಕಳು ಒಳಗೆ ಬರಲು ಇನ್ನೂ ಬಹಳ ಕಾಲ ಬೇಕಾಯಿತು.

ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆದರೆ ಅದೇ ದಶಕದ ಬೆಂಗಳೂರಿನಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ತಂದರು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರು, ಕೆ.ಆರ್. ವೃತ್ತದಿಂದ ಆ ಕಾಲೇಜಿಗೆ ನಡೆದೇ ಹೋಗಬಹುದು. ಪತ್ರಿಕೆ ಎರಡೇ ವರ್ಷ ನಡೆಯಿತು. ಅದು ಇನ್ನಷ್ಟು ಕಾಲ ಬದುಕಿ, ವರ್ಕ್‌ಶಾಪಿನ ಮೇಸ್ತ್ರಿಯ ಕೈಗೂ ತಲುಪಿ, ಅವನಿಂದಲೂ ಒಂದು ಲೇಖನ ಬರೆಸಿದ್ದರೆ ಎಂದು ನಾನು ಆಸ್ಥೆಯಿಂದ ಊಹಿಸುತ್ತೇನೆ.

ದೇಶದ ಬೇರೆಡೆಯೂ ಗಾಳಿ ಬದಲಾಗುತ್ತಿತ್ತು. ಬಂಗಾಳದಲ್ಲಿ ಸ್ವದೇಶಿ ಚಳವಳಿಯ ಬಿಸಿಯಲ್ಲಿ 1906ರಲ್ಲೇ ಹುಟ್ಟಿದ ತಾಂತ್ರಿಕ ಸಂಸ್ಥೆ ಮುಂದೆ ಜಾದವಪುರದ ಕಾಲೇಜಾಯಿತು. ಕಾಶಿಯಲ್ಲಿ ಮಾಳವೀಯರು 1919ರಲ್ಲಿ ಚಾರ್ಲ್ಸ್ ಕಿಂಗ್ ಅವರನ್ನು ಪ್ರಾಂಶುಪಾಲರನ್ನಾಗಿ ಇಟ್ಟುಕೊಂಡು ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿಯ ಕಾಲೇಜು ತೆರೆದರು. ಇಲಾಖೆಗಾಗಿ ಓದುವ ಕಾಲ ನಿಧಾನವಾಗಿ ಹಿಂದೆ ಸರಿಯತೊಡಗಿತ್ತು.

ಇಷ್ಟನ್ನು ಬರೆಯಲು ಕುಳಿತಾಗ ನನಗೆ ಎದುರಾದ ತೊಡಕೆಂದರೆ, ದಿವಾನರ ಭಾಷಣ ಸಿಗುತ್ತದೆ, ಸರ್ಕಾರದ ಆದೇಶ ಸಿಗುತ್ತದೆ, ಮೊದಲ ವರ್ಷಗಳ ಒಬ್ಬ ಸಾಮಾನ್ಯ ವಿದ್ಯಾರ್ಥಿಯ ವರ್ಕ್‌ಶಾಪ್ ನೋಟುಪುಸ್ತಕ ಮಾತ್ರ ಕೈಗೆ ಸಿಗುವುದಿಲ್ಲ. ಮೇಸ್ತ್ರಿಗಳ ಹೆಸರಂತೂ ಎಲ್ಲಿಯೂ ಕಾಣುವುದಿಲ್ಲ. ಇವು ಸರ್ಕಾರದ ದಫ್ತರದಲ್ಲಿ ಉಳಿಯುವಂಥವಲ್ಲ, ಮನೆಯ ಅಟ್ಟದಲ್ಲಿ ಉಳಿಯುವಂಥವು. ನಿಮ್ಮ ಅಜ್ಜನೋ ಮುತ್ತಜ್ಜನೋ ಬೆಂಗಳೂರಿನ ಆ ಕಾಲೇಜಿನಲ್ಲಿ ಓದಿದ್ದರೆ, ಅಥವಾ ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದರೆ, ಹಳೆಯ ಟ್ರಂಕನ್ನು ಒಮ್ಮೆ ತೆರೆದು ನೋಡಿ. ಡ್ರಾಯಿಂಗ್ ಬಟ್ಟೆ, ಲೆವೆಲ್ ಪುಸ್ತಕ, ಗುಂಪಿನ ಫೋಟೊ, ಸಂಬಳದ ಚೀಟಿ ಏನಿದ್ದರೂ ಎಸೆಯಬೇಡಿ. ಬಟ್ಟೆಯ ಮೇಲಿನ ನಕ್ಷೆಗಳನ್ನು ಮಡಿಸಬೇಡಿ, ಸುರುಳಿ ಸುತ್ತಿಡಿ. ನೀರು ತಾಗಿದರೆ ಅವುಗಳ ಗಂಜಿ ಕರಗುತ್ತದೆ. ಬ್ಲೂ ಪ್ರಿಂಟುಗಳನ್ನು ಬಿಸಿಲಿಗೆ ಇಡಬೇಡಿ, ನೀಲಿ ಮಾಸುತ್ತದೆ. ಫೋಟೊದಲ್ಲಿರುವವರ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ ಇವತ್ತೇ ಕೇಳಿ, ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಕುರ್ಚಿಗಳ ಮೇಲೆ ಕುಳಿತ ಅಧ್ಯಾಪಕರ ಹೆಸರಿನ ಜೊತೆಗೆ ಹಿಂದಿನ ಸಾಲಿನ ತುದಿಯಲ್ಲಿ ನಿಂತ ಮೇಸ್ತ್ರಿಯ ಹೆಸರನ್ನೂ ಕೇಳಿ ಬರೆದುಕೊಳ್ಳಿ.